ಕಾಸರಗೋಡಿನ ಕನ್ನಡ ಪಾಠ ಬೆರಳಿಗೆ ಸಿಗುವುದು ಹೇಗೆ?

ಕಾಸರಗೋಡಿನಲ್ಲಿ ಬೆಳೆಯುವ ಕನ್ನಡದ ಮಗುವಿಗೆ ಎರಡು ಲಿಪಿ ತಪ್ಪಿದ್ದಲ್ಲ. ಪಾಠಪುಸ್ತಕ ಕನ್ನಡದಲ್ಲಿ. ಬಸ್ಸಿನ ಬೋರ್ಡು, ಪಂಚಾಯತಿನ ನೋಟಿಸು, ರೇಷನ್ ಅಂಗಡಿಯ ಚೀಟಿ ಮಲಯಾಳದಲ್ಲಿ. ಕಣ್ಣಿನಿಂದ ಓದುವವರು ಎರಡು ಅಕ್ಷರಮಾಲೆಯನ್ನೂ ಬೇರೆ ಬೇರೆಯಾಗಿಯೇ ಕಲಿಯಬೇಕು. ಕಣ್ಣು ಕಾಣದೆ, ಉಬ್ಬು ಚುಕ್ಕಿಗಳ ಬ್ರೈಲ್ ಲಿಪಿಯನ್ನು ಬೆರಳಿನಿಂದ ಓದುವ ಮಗುವಿಗೆ ಮಾತ್ರ ಈ ತಾಪತ್ರಯ ಇಲ್ಲ. ಬ್ರೈಲ್‌ನಲ್ಲಿ ಕನ್ನಡದ 'ಕ'ವೂ ಮಲಯಾಳದ 'ಕ'ವೂ ಒಂದೇ. 'ಮ'ವೂ ಒಂದೇ, 'ಳ'ವೂ ಒಂದೇ. ಕೋಯಿಕ್ಕೋಡ್ (ಕಲ್ಲಿಕೋಟೆ) ಎಂದು ಮಲಯಾಳದಲ್ಲಿ ಬರೆಯುವಾಗ ನಡುವೆ ಬರುವ ಆ ವಿಶೇಷ ಅಕ್ಷರದಂಥ ಒಂದೆರಡನ್ನು ಹೊಸದಾಗಿ ಕಲಿತರೆ ಆಯಿತು. ಕನ್ನಡ ಲಿಪಿಯಲ್ಲೇ ಬರೆಯುವ ತುಳುವಿಗಂತೂ ಬೇರೆ ಏನೂ ಬೇಡ. ಕೊಂಕಣಿಯನ್ನು ದೇವನಾಗರಿಯಲ್ಲಿ ಬರೆಯಬೇಕೋ ಕನ್ನಡದಲ್ಲಿ ಬರೆಯಬೇಕೋ ಎನ್ನುವ ಜಗಳವೂ ಇಲ್ಲಿ ಹುಟ್ಟುವುದಿಲ್ಲ.

ಇದು ತಾನಾಗಿ ಆದದ್ದಲ್ಲ. ಮೊದಲು ನಮ್ಮ ದೇಶದಲ್ಲಿ ಒಂದೊಂದು ಕಡೆ ಒಂದೊಂದು ರೀತಿಯ ಬ್ರೈಲ್ ಇತ್ತು. ಅವನ್ನೆಲ್ಲ ಒಂದು ಮಾಡಿ 1951ರಲ್ಲಿ ಭಾರತಿ ಬ್ರೈಲ್ ಬಂತು. ಅಕ್ಷರದ ಆಕಾರ ಬಿಟ್ಟು ಅದರ ಉಚ್ಚಾರಕ್ಕೆ ಚುಕ್ಕಿ ಕೊಟ್ಟರು. ನಮ್ಮ ಭಾಷೆಗಳ ವರ್ಣಮಾಲೆ ಹೆಚ್ಚು ಕಡಿಮೆ ಒಂದೇ ಕ್ರಮದಲ್ಲಿ ಇರುವುದರಿಂದ ಈ ಉಪಾಯ ಚೆನ್ನಾಗಿ ನಡೆಯಿತು.

ಇಷ್ಟು ಅನುಕೂಲ ಇದ್ದರೂ ಗಡಿಯ ಈಚೆಗಿನ ಮಗುವಿಗೆ ತನ್ನ ತರಗತಿಯ ಕನ್ನಡ ಬ್ರೈಲ್ ಪುಸ್ತಕ ಸಮಯಕ್ಕೆ ಸಿಗುವುದು ಕಷ್ಟ. 'ಬ್ರೈಲ್ ಪ್ರಿಂಟರ್ ಇಲ್ಲ, ಅದಕ್ಕೇ' ಎಂದು ಕೇಳಿದವರೆಲ್ಲ ಹೇಳುತ್ತಾರೆ. ಯಂತ್ರಕ್ಕೆ ಲಕ್ಷಗಟ್ಟಲೆ ಬೆಲೆ ಇದೆ, ನಿಜ. ಆದರೆ ಇಡೀ ಜಿಲ್ಲೆಗೆ ಒಂದು ಇದ್ದರೂ ಸಾಕಾಗುತ್ತದೆ. ನಿಜವಾದ ಕೊರತೆ ಯಂತ್ರಕ್ಕೆ ಕೊಡಲು ತಯಾರಾದ, ತಪ್ಪು ತಿದ್ದಿದ ಕನ್ನಡ ಪಠ್ಯದ್ದು. ಅದು ಯಾಕೆ ಅಷ್ಟು ಕಷ್ಟ ಎನ್ನುವುದು ತಿಳಿಯಬೇಕಾದರೆ ಚುಕ್ಕಿಯಿಂದಲೇ ಶುರು ಮಾಡಬೇಕು.

ಆರು ಚುಕ್ಕಿಯ ಲೆಕ್ಕ

ಫ್ರಾನ್ಸಿನ ಲೂಯಿ ಬ್ರೈಲ್ 1824ರಲ್ಲಿ, ಹದಿನೈದನೇ ವಯಸ್ಸಿನಲ್ಲಿ, ಈ ಲಿಪಿಗೆ ರೂಪ ಕೊಟ್ಟ. 1829ರಲ್ಲಿ ಅದು ಪುಸ್ತಕವಾಗಿ ಬಂತು. ಒಂದು ಅಕ್ಷರಕ್ಕೆ ಒಂದು ಸೆಲ್. ಸೆಲ್‌ನಲ್ಲಿ ಆರು ಚುಕ್ಕಿಗೆ ಜಾಗ. ಎಡಗಡೆ ಮೇಲಿಂದ ಕೆಳಗೆ 1, 2, 3. ಬಲಗಡೆ 4, 5, 6. ಯಾವ ಚುಕ್ಕಿ ಎದ್ದಿದೆ, ಯಾವುದು ಇಲ್ಲ ಎನ್ನುವುದರ ಮೇಲೆ ಅಕ್ಷರ. ಈ ರೀತಿ 63 ಆಕಾರ ಸಿಗುತ್ತವೆ. ಖಾಲಿ ಸೆಲ್ಲನ್ನೂ ಸೇರಿಸಿದರೆ 64.

ಕನ್ನಡದಲ್ಲಿ 'ಅ' ಎಂದರೆ ಬರೀ 1ನೇ ಚುಕ್ಕಿ. 'ಕ' 1-3. 'ಲ' 1-2-3. 'ಮ' 1-3-4. ಕಾಗುಣಿತಕ್ಕೆ ಬೇರೆ ಗುರುತು ಇಲ್ಲ. ವ್ಯಂಜನದ ಪಕ್ಕದಲ್ಲಿ ಸ್ವರವನ್ನೇ ಬರೆಯುವುದು. 'ಕಾ' ಎಂದರೆ 'ಕ', ಆಮೇಲೆ 'ಆ'. 'ಗೋ' ಎಂದರೆ 'ಗ', ಆಮೇಲೆ 'ಓ'. ಹಾಗಾಗಿ ಅಚ್ಚಿನಲ್ಲಿ ಐದು ಅಕ್ಷರ ಇರುವ 'ಕಾಸರಗೋಡು' ಬ್ರೈಲ್‌ನಲ್ಲಿ ಎಂಟು ಸೆಲ್ ಆಗುತ್ತದೆ: ಕ, ಆ, ಸ, ರ, ಗ, ಓ, ಡ, ಉ.

ಒತ್ತಕ್ಷರದ ವಿಷಯ ಇನ್ನೂ ಸ್ವಾರಸ್ಯ. ಅಚ್ಚಿನಲ್ಲಿ ಒತ್ತು ಕೆಳಗೆ ಹೋಗಿ ಕೂರುತ್ತದೆ. ಬ್ರೈಲ್‌ನಲ್ಲಿ ಮೇಲೆ ಕೆಳಗೆ ಎನ್ನುವುದೇ ಇಲ್ಲ, ಎಲ್ಲ ಸಾಲಾಗಿ ಬರಬೇಕು. ಅದಕ್ಕೆ 4ನೇ ಚುಕ್ಕಿ ಒಂದನ್ನೇ ಮೊದಲು ಹಾಕುತ್ತಾರೆ. 'ಮುಂದೆ ಬರುವ ಅಕ್ಷರ ಅರ್ಧ, ಅದರ ಮುಂದಿನದ್ದಕ್ಕೆ ಅಂಟಿಸಿ ಓದು' ಎಂದು ಅದು ಬೆರಳಿಗೆ ಮೊದಲೇ ಹೇಳುತ್ತದೆ. 'ಅಮ್ಮ' ಎಂದರೆ ಅ, 4ನೇ ಚುಕ್ಕಿ, ಮ, ಮ. 'ಅರ್ಥ' ಎಂದರೆ ಅ, 4ನೇ ಚುಕ್ಕಿ, ರ, ಥ. ಅಚ್ಚಿನಲ್ಲಿ ಅರ್ಕಾವೊತ್ತು ಕೊನೆಗೆ ಬರುತ್ತದೆ, ಬ್ರೈಲ್‌ನಲ್ಲಿ ನಾಲಿಗೆ ಹೇಳುವ ಕ್ರಮದಲ್ಲೇ ಬರುತ್ತದೆ. ಒಂದನೇ ಕ್ಲಾಸಿನಲ್ಲಿ ಅರ್ಕಾವೊತ್ತಿಗೆ ಒದ್ದಾಡಿದ ಎಲ್ಲರಿಗೂ ಇದು ನೋಡಿ ಹೊಟ್ಟೆಕಿಚ್ಚು ಆಗಬೇಕು. 'ಕ್ಷ' ಮತ್ತು 'ಜ್ಞ'ಕ್ಕೆ ಮಾತ್ರ ತಮ್ಮದೇ ಆದ ಒಂದೊಂದು ಸೆಲ್ ಇದೆ.

63 ಆಕಾರಗಳಲ್ಲಿ ಎಲ್ಲವನ್ನೂ ತುರುಕಬೇಕಾದ್ದರಿಂದ ಕೆಲವು ಆಕಾರಕ್ಕೆ ಎರಡು ಕೆಲಸ. 3-4-5-6 ಎಂದರೆ 'ಣ'. ಅದೇ ಆಕಾರ ಅಂಕೆಯ ಗುರುತು ಕೂಡ. ಇಂಗ್ಲಿಷಿನ ಮೊದಲ ಹತ್ತು ಅಕ್ಷರಗಳ ಹಿಂದೆ ಆ ಗುರುತು ಹಾಕಿದರೆ 1ರಿಂದ 9 ಮತ್ತು ಸೊನ್ನೆ ಬರುತ್ತವೆ. ಒಂಬತ್ತನೇ ಅಕ್ಷರಕ್ಕೂ ನಮ್ಮ 'ಇ'ಗೂ ಒಂದೇ ಆಕಾರ. ಅಂದರೆ 'ಣಿ' ಮತ್ತು '9' ಕಾಗದದ ಮೇಲೆ ಒಂದೇ! 'ಮಣಿ'ಯ ಕೊನೆಯಲ್ಲಿ ಇದ್ದರೆ ಅದು 'ಣಿ', ಒಂಟಿಯಾಗಿ ನಿಂತಿದ್ದರೆ '9'. ಕನ್ನಡದಲ್ಲಿ 'ಣ'ದಿಂದ ಶುರುವಾಗುವ ಮಾತು ಇಲ್ಲವೇ ಇಲ್ಲ ಎನ್ನಬಹುದಾದ್ದರಿಂದ ಓದುವವರಿಗೆ ಗೊಂದಲ ಆಗುವುದಿಲ್ಲ. 'ಪಾಠ9' ಎಂದು ಜಾಗ ಬಿಡದೆ ಟೈಪ್ ಮಾಡಿದರೆ ಮಾತ್ರ ಮಗು 'ಪಾಠಣಿ' ಎಂದು ಓದುತ್ತದೆ.

ಜಾಗ ಮತ್ತು ತೂಕ

ಬ್ರೈಲ್‌ಗೆ ಸಣ್ಣ ಫಾಂಟು, ದೊಡ್ಡ ಫಾಂಟು ಎಂದು ಇಲ್ಲ. ಬೆರಳ ತುದಿಗೆ ಎಷ್ಟು ಬೇಕೋ ಅಷ್ಟೇ ಅಳತೆ. ಚುಕ್ಕಿಯಿಂದ ಚುಕ್ಕಿಗೆ ಸುಮಾರು 2.5 ಮಿಲಿಮೀಟರು. ಸೆಲ್‌ನಿಂದ ಸೆಲ್‌ಗೆ ಸುಮಾರು 6. ಸಾಲಿನಿಂದ ಸಾಲಿಗೆ 10. ಚುಕ್ಕಿಯ ಎತ್ತರ ಅರ್ಧ ಮಿಲಿಮೀಟರು. ಈ ಲೆಕ್ಕದಲ್ಲಿ 'ಕಾಸರಗೋಡು' ಎನ್ನುವ ಒಂದು ಮಾತಿಗೇ ಹತ್ತಿರ ಹತ್ತಿರ ಐದು ಸೆಂಟಿಮೀಟರು ಬೇಕು. ದೊಡ್ಡ ಬ್ರೈಲ್ ಹಾಳೆಯಲ್ಲಿ ಸಾಲಿಗೆ 40 ಸೆಲ್, ಪುಟಕ್ಕೆ 25 ಸಾಲು ಹಿಡಿಯುತ್ತದೆ.

ಕನ್ನಡದ ಉದ್ದ ಉದ್ದ ಮಾತುಗಳು ಇಲ್ಲಿ ಕೈಕೊಡುತ್ತವೆ. 'ಮಾಡಿಕೊಂಡಿರಲಿಲ್ಲವೆಂದು' ಎನ್ನುವುದಕ್ಕೆ 20 ಸೆಲ್, ಅಂದರೆ ಅರ್ಧ ಸಾಲು. ಸಾಲಿನಲ್ಲಿ 19 ಸೆಲ್ ಉಳಿದಿದ್ದರೆ ಇಡೀ ಮಾತು ಕೆಳಗಿನ ಸಾಲಿಗೆ ಹೋಗುತ್ತದೆ, ಮೇಲಿನದ್ದು ಅರ್ಧ ಖಾಲಿ. ಇಂಗ್ಲಿಷ್ ಬ್ರೈಲ್‌ನಲ್ಲಿ ಪದೇ ಪದೇ ಬರುವ ಮಾತುಗಳಿಗೆ ಗಿಡ್ಡ ರೂಪ ಇದೆ. ಕನ್ನಡದಲ್ಲಿ ಅಕ್ಷರ ಅಕ್ಷರ ಬಿಡಿಸಿ ಬರೆಯುವುದೇ ರೂಢಿ. ಹಾಗಾಗಿ ಅಚ್ಚಿನ ಒಂದು ಪುಟಕ್ಕೆ ಎರಡೂವರೆ, ಮೂರು ಬ್ರೈಲ್ ಪುಟ ಎಂದು ಇಟ್ಟುಕೊಳ್ಳಬೇಕು.

ಕಾಗದವೂ ದಪ್ಪ ಬೇಕು. ಅದನ್ನು ಜಿಎಸ್‌ಎಂನಲ್ಲಿ, ಅಂದರೆ ಒಂದು ಚದರ ಮೀಟರು ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂದು, ಹೇಳುತ್ತಾರೆ. ಜೆರಾಕ್ಸಿಗೆ ಹಾಕುವ 70-80 ಜಿಎಸ್‌ಎಂ ಹಾಳೆಯಲ್ಲಿ ಚುಕ್ಕಿ ನಿಲ್ಲುವುದಿಲ್ಲ, ಹರಿಯುತ್ತದೆ. 120ರಿಂದ 160 ಜಿಎಸ್‌ಎಂ ಬೇಕು. 150 ಪುಟದ ಪಾಠಪುಸ್ತಕ ಒಂದನ್ನು ತೆಗೆದುಕೊಳ್ಳಿ. ಸುಮಾರು 450 ಬ್ರೈಲ್ ಪುಟ. ಎರಡೂ ಬದಿಗೆ ಒತ್ತಿದರೆ 225 ಹಾಳೆ. 140 ಜಿಎಸ್‌ಎಂ ಕಾಗದದಲ್ಲಿ ಅದು ಎರಡೂವರೆ ಕಿಲೋ ದಾಟುತ್ತದೆ. ಒಂದೇ ಬದಿಗೆ ಒತ್ತಿದರೆ ಐದು ಕಿಲೋ. ಅದನ್ನು ಮೂರೋ ನಾಲ್ಕೋ ಸಂಪುಟ ಮಾಡಿ ಸ್ಪೈರಲ್ ಹಾಕಬೇಕು. ಇದು ಬರೀ ಒಂದು ವಿಷಯದ್ದು! ಗುಡ್ಡ ಹತ್ತಿ ಇಳಿದು ಶಾಲೆಗೆ ಬರುವ ಮಗುವಿನ ಚೀಲದಲ್ಲಿ ಇದು ಹೋಗುವ ಮಾತಲ್ಲ. ಒಂದು ಸಂಪುಟ ಮನೆಯಲ್ಲಿ, ಒಂದು ಶಾಲೆಯಲ್ಲಿ ಎಂದು ಹಂಚಿಕೊಳ್ಳುವುದೇ ದಾರಿ.

ಮಳೆಗಾಲದ್ದು ಬೇರೆ ಕತೆ. ಜೂನ್, ಜುಲೈ ತಿಂಗಳಲ್ಲಿ ನಮ್ಮ ಕಡೆ ಗೋಡೆಯೇ ಬೆವರುತ್ತದೆ, ಕಾಗದ ಬಿಡುತ್ತದೆಯೇ? ತೇವ ಎಳೆದುಕೊಂಡ ಕಾಗದದಲ್ಲಿ ಚುಕ್ಕಿ ಮೆತ್ತಗಾಗಿ ಕೂತುಬಿಡುತ್ತದೆ. ಕಪಾಟಿನಲ್ಲಿ ಒಂದರ ಮೇಲೊಂದು ಪೇರಿಸಿಟ್ಟರಂತೂ ಅಡಿಯ ಪುಸ್ತಕ ಓದಲು ಬರುವುದಿಲ್ಲ. ಬ್ರೈಲ್ ಪುಸ್ತಕವನ್ನು ಯಾವಾಗಲೂ ನಿಲ್ಲಿಸಿ ಇಡಬೇಕು. ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಮಾಡಿ ಅಚ್ಚೆಳೆಯುವ ಥರ್ಮೋಫಾರ್ಮ್ ಪ್ರತಿಗೆ ತೇವದ ಭಯ ಇಲ್ಲ. ಆದರೆ ಏಪ್ರಿಲಿನ ಸೆಕೆಯಲ್ಲಿ ಬೆವರಿದ ಬೆರಳು ಅದರ ಮೇಲೆ ಜಾರುವುದಿಲ್ಲ, ಅಂಟುತ್ತದೆ.

ಕೈಬರಹದಿಂದ ಎಂಬಾಸರ್‌ವರೆಗೆ

ಅತಿ ಅಗ್ಗದ ಸಾಧನ ಸ್ಲೇಟ್ ಮತ್ತು ಸ್ಟೈಲಸ್. ಸ್ಲೇಟಿನ ಅಡಿಯ ಪಟ್ಟಿಯಲ್ಲಿ ಚೆನ್ನೆಮಣೆಯ ಗುಳಿಗಳನ್ನು ತೀರಾ ಸಣ್ಣದು ಮಾಡಿ ಜೋಡಿಸಿದಂತೆ ಗುಳಿಗಳು. ಮೇಲಿನ ಪಟ್ಟಿಯಲ್ಲಿ ಕಿಟಕಿಗಳು. ನಡುವೆ ಕಾಗದ ಇಟ್ಟು ಮೊಳೆಯಂಥ ಸ್ಟೈಲಸ್‌ನಿಂದ ಒತ್ತುವುದು. ಚುಕ್ಕಿ ಏಳುವುದು ಕಾಗದದ ಇನ್ನೊಂದು ಬದಿಗೆ. ಹಾಗಾಗಿ ಬಲದಿಂದ ಎಡಕ್ಕೆ, ತಿರುಗುಮುರುಗಾಗಿ ಬರೆಯಬೇಕು. ಓದುವಾಗ ಕಾಗದ ತಿರುಗಿಸಿದರೆ ಎಡದಿಂದ ಬಲಕ್ಕೆ ಸರಿಯಾಗಿ ಬರುತ್ತದೆ. ಕೇಳುವುದಕ್ಕೆ ತಲೆ ತಿರುಗುತ್ತದೆ, ಮಕ್ಕಳು ಮಾತ್ರ ಬೇಗ ಹಿಡಿಯುತ್ತಾರೆ. ಪರ್ಕಿನ್ಸ್ ಬ್ರೈಲರ್ ಎನ್ನುವುದು ಟೈಪ್‌ರೈಟರ್ ಜಾತಿಯದ್ದು. ಆರು ಚುಕ್ಕಿಗೆ ಆರು ಕೀಲಿ, ನಡುವೆ ಜಾಗ ಬಿಡುವ ಕೀಲಿ. ಬೇಕಾದ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅಕ್ಷರ ನೇರವಾಗಿ ಮೇಲ್ಬದಿಗೇ ಏಳುತ್ತದೆ. ಒಂದು ಪಾಠ, ಒಂದು ಪ್ರಶ್ನೆಪತ್ರಿಕೆ, ಒಂದು ಪದ್ಯ ಬೇಕಾದಾಗ ಇವತ್ತಿಗೂ ಇದೇ ಸರಿ.

ನೂರಾರು ಪ್ರತಿ ಬೇಕಾದರೆ ಬ್ರೈಲ್ ಪ್ರೆಸ್. ಡೆಹ್ರಾಡೂನಿನ ಸೆಂಟ್ರಲ್ ಬ್ರೈಲ್ ಪ್ರೆಸ್ 1951ರಲ್ಲಿ ಶುರುವಾಯಿತು. ಕರ್ನಾಟಕಕ್ಕೆ ಮೈಸೂರಿನ ತಿಲಕನಗರದಲ್ಲಿ ಸರಕಾರಿ ಬ್ರೈಲ್ ಮುದ್ರಣಾಲಯ ಇದೆ. ನಮಗೆ ಬೇಕಾಗುವುದು ಅಂಥದ್ದಲ್ಲ. ಪೈವಳಿಕೆಯಲ್ಲಿ ಒಂದು ಮಗು, ಬೆಳ್ಳೂರಿನಲ್ಲಿ ಒಂದು ಮಗು, ಅದೂ ಬೇರೆ ಬೇರೆ ಕ್ಲಾಸು. ಅಂಥವರಿಗೆ ಬೇಕಾದಷ್ಟೇ ಒತ್ತಿ ಕೊಡುವ ಎಂಬಾಸರ್, ಅಂದರೆ ಬ್ರೈಲ್ ಪ್ರಿಂಟರ್, ಸಾಕು. ಕಂಪ್ಯೂಟರಿನಿಂದ ಫೈಲು ಕಳಿಸಿದರೆ ಅದು ಹಾಳೆಯ ಮೇಲೆ ಚುಕ್ಕಿ ಒತ್ತುತ್ತದೆ. ಒಳ್ಳೆಯ ಯಂತ್ರ ಎರಡೂ ಬದಿಗೆ ಒತ್ತುತ್ತದೆ. ಒಂದು ಬದಿಯ ಚುಕ್ಕಿಯ ನಡುವಿನ ಖಾಲಿ ಜಾಗದಲ್ಲಿ ಇನ್ನೊಂದು ಬದಿಯ ಚುಕ್ಕಿ ಬರುವಂತೆ ಸ್ವಲ್ಪ ಸರಿಸಿರುತ್ತಾರೆ. ಸದ್ದು ಮಾತ್ರ ಜೋರು. ಕ್ಲಾಸಿನ ಪಕ್ಕದ ಕೋಣೆಯಲ್ಲಿ ಇಟ್ಟರೆ ಆ ದಿನ ಪಾಠ ನಡೆಯುವುದಿಲ್ಲ.

ಪಠ್ಯವೇ ದೊಡ್ಡ ತಲೆನೋವು

ಅಕ್ಷರವನ್ನು ಚುಕ್ಕಿಗೆ ಬದಲಿಸುವ ಸಾಫ್ಟ್‌ವೇರ್ ಕನ್ನಡಕ್ಕೆ ಇದೆ. ದುಡ್ಡು ಕೊಟ್ಟರೆ ಡಕ್ಸ್‌ಬರಿ. ಪುಕ್ಕಟೆ ಬೇಕಾದರೆ ಲಿಬ್‌ಲೂಯಿ ಮತ್ತು ಅದನ್ನು ಬಳಸುವ ಬೇರೆ ಸಾಫ್ಟ್‌ವೇರುಗಳು. ಯೂನಿಕೋಡ್ ಕನ್ನಡ, ಅಂದರೆ ಯಾವ ಕಂಪ್ಯೂಟರಿಗೂ ಕನ್ನಡವೆಂದೇ ಗೊತ್ತಾಗುವ ಪಠ್ಯ, ಕೊಟ್ಟರೆ ಕ್ಷಣದಲ್ಲಿ ಬ್ರೈಲ್ ಕೊಡುತ್ತವೆ. ಸಮಸ್ಯೆ ಆ 'ಕೊಟ್ಟರೆ' ಎನ್ನುವ ಮಾತಿನಲ್ಲಿದೆ.

ಕೇರಳದ ಕನ್ನಡ ಮಾಧ್ಯಮದ ಪುಸ್ತಕ ತಯಾರಿಸುವುದು ತಿರುವನಂತಪುರದ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಮಂಡಳಿ, ಅಂದರೆ ಎಸ್‌ಸಿಇಆರ್‌ಟಿ. ಅದು ಕರ್ನಾಟಕದ ಪುಸ್ತಕ ಅಲ್ಲ. ವಿಜ್ಞಾನ, ಸಮಾಜ, ಗಣಿತ ಎಲ್ಲದರ ಪಾಠವೂ ಬೇರೆ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಬ್ರೈಲ್ ಆದ ಕರ್ನಾಟಕದ ಪುಸ್ತಕ ಇಲ್ಲಿಯ ಮಗುವಿಗೆ ಕತೆ ಓದಲು ಆದೀತು, ಪರೀಕ್ಷೆಗೆ ಆಗದು. ಕೇರಳದಲ್ಲಿ ಮಲಯಾಳದಲ್ಲಿ ಆದ ಬ್ರೈಲ್ ಪುಸ್ತಕ ಪಾಠಕ್ಕೆ ಸರಿ, ಭಾಷೆ ಬೇರೆ. ಅಲ್ಲಿಯೂ ಸಲ್ಲದೆ ಇಲ್ಲಿಯೂ ಸಲ್ಲದೆ ಉಳಿಯುವುದು ಗಡಿನಾಡಿನವರಿಗೆ ಹೊಸತಲ್ಲ, ಅಲ್ವಾ?

ಪುಸ್ತಕದ ಪಿಡಿಎಫ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಆದರೆ ಪಿಡಿಎಫ್‌ನಿಂದ ಕಾಪಿ ಮಾಡಿ ಅಂಟಿಸಿದರೆ ಎಷ್ಟೋ ಸಲ ಬರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಡಿಟಿಪಿ ಮಾಡುವಾಗ ಹಳೆಯ ಕಾಲದ ಆಸ್ಕಿ ಫಾಂಟು ಬಳಸಿದ್ದರೆ ಹೀಗಾಗುತ್ತದೆ. ನಮ್ಮ ಕಣ್ಣಿಗೆ ಅದು ಕನ್ನಡ. ಕಂಪ್ಯೂಟರಿಗೆ ಅದು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕಿದ್ದು. ಯೂನಿಕೋಡಿಗೆ ಬದಲಿಸುವ ಕನ್ವರ್ಟರ್ ಇದೆ. ಅದರಲ್ಲೂ ಅರ್ಕಾವೊತ್ತು ಎಡವಟ್ಟು ಮಾಡುತ್ತದೆ. ಆಸ್ಕಿಯಲ್ಲಿ ಅದನ್ನು ಕಾಣುವ ಜಾಗದಲ್ಲಿ, ಅಂದರೆ ಕೊನೆಗೆ, ಟೈಪ್ ಮಾಡಿರುತ್ತಾರೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮದಲ್ಲಿ ಮೊದಲು ಬರಬೇಕು. ಕನ್ವರ್ಟರ್ ಒಂದು ಕಡೆ ತಪ್ಪಿದರೆ 'ಅರ್ಥ' ಅನರ್ಥವೇ ಆಗುತ್ತದೆ.

ಇನ್ನೊಂದು ದಾರಿ ಸ್ಕ್ಯಾನ್ ಮಾಡಿ ಒಸಿಆರ್ ಹಾಕುವುದು, ಅಂದರೆ ಪುಟದ ಚಿತ್ರದಿಂದ ಅಕ್ಷರ ಗುರುತಿಸುವ ಸಾಫ್ಟ್‌ವೇರಿಗೆ ಕೊಡುವುದು. ಕನ್ನಡಕ್ಕೆ ಟೆಸರಾಕ್ಟ್ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ತಯಾರಾದ 'ಲಿಪಿ ಜ್ಞಾನಿ' ಇದೆ, ಅದು ಕನ್ನಡ ಲಿಪಿಯಲ್ಲಿ ಅಚ್ಚಾದ ಬೇರೆ ಭಾಷೆಗಳನ್ನೂ ಓದುತ್ತದೆ. ಅಚ್ಚು ಚೆನ್ನಾಗಿದ್ದರೆ ಒಳ್ಳೆಯ ಫಲಿತಾಂಶ ಸಿಗುತ್ತದೆ. ಬಣ್ಣದ ಚಿತ್ರದ ಮೇಲೆ ಅಕ್ಷರ ಇದ್ದರೆ ಕತೆ ಮುಗಿಯಿತು. ಕೊನೆಗೆ ಎಷ್ಟೋ ಪಾಠವನ್ನು ಕೂತು ಮತ್ತೆ ಟೈಪ್ ಮಾಡುವುದೇ ಬೇಗ ಆಗುತ್ತದೆ. 'ಇದೇ ಪುಸ್ತಕ ಯಾರೋ ಆಗಲೇ ಟೈಪ್ ಮಾಡಿದ್ದಾರಲ್ಲ, ಮತ್ತೆ ಯಾಕೆ?' ಎಂದು ಕೇಳಿದರೆ ಕೇಳಿದವರದ್ದು ಸರಿಯಾದ ಪ್ರಶ್ನೆಯೇ. ಆ ಮೂಲ ಫೈಲು ಬ್ರೈಲ್ ಮಾಡುವವರ ಕೈಗೆ ಬರುವುದಿಲ್ಲ, ಅಷ್ಟೆ.

ಯೂನಿಕೋಡ್ ಸರಿಯಾಗಿ ಬಂದ ಮೇಲೂ ಕಣ್ಣಿಗೆ ಕಾಣದ ತೊಂದರೆ ಉಳಿಯುತ್ತದೆ. 'ಸಾಫ್ಟ್‌ವೇರ್' ಎಂದು ಬರೆಯುವಾಗ 'ಟ್' ಮತ್ತು 'ವೇ' ಅಂಟದಂತೆ ನಡುವೆ ಒಂದು ಅದೃಶ್ಯ ಗುರುತು ಹಾಕಿರುತ್ತೇವೆ. ಪರದೆಯ ಮೇಲೆ ಅದು ಕಾಣುವುದಿಲ್ಲ. ಬ್ರೈಲ್ ಸಾಫ್ಟ್‌ವೇರ್ ಕೆಲವು ಸಲ ಅದಕ್ಕೆ ಏನೋ ವಿಚಿತ್ರ ಸೆಲ್‌ಗಳನ್ನು ಉಗುಳುತ್ತದೆ. ಹುಡುಕಿ ತೆಗೆಯಬೇಕು.

ಆಮೇಲೆ ಪುಟದ ಸಂಖ್ಯೆ. 'ಮಕ್ಕಳೇ, ಪುಟ 32 ತೆಗೆಯಿರಿ' ಎಂದು ಟೀಚರ್ ಹೇಳಿದಾಗ ಬ್ರೈಲ್ ಪುಸ್ತಕದಲ್ಲಿ ಅದು 90ನೇ ಪುಟದ ಆಚೆ ಎಲ್ಲೋ ಇರುತ್ತದೆ. ಅಚ್ಚಿನ ಪುಟ ಎಲ್ಲಿ ಬದಲಾಗುತ್ತದೋ ಅಲ್ಲಿ ಆ ಸಂಖ್ಯೆಯನ್ನೂ ಬ್ರೈಲ್‌ನಲ್ಲಿ ಕೊಡಬೇಕು. ಕೊಡದಿದ್ದರೆ ಉಳಿದವರು ಪಾಠ ಓದಿ ಮುಗಿಸುವವರೆಗೂ ಈ ಮಗು ಹಾಳೆ ತಿರುವುತ್ತಲೇ ಇರುತ್ತದೆ.

ಒಂದು ಚುಕ್ಕಿ ತಪ್ಪಿದರೆ

ತಿದ್ದುವುದಕ್ಕೆ ಇಬ್ಬರು ಬೇಕು. ಒಬ್ಬರು ಬ್ರೈಲ್ ಬಲ್ಲ ದೃಷ್ಟಿದೋಷದವರು, ಬೆರಳಿನಿಂದ ಗಟ್ಟಿಯಾಗಿ ಓದುತ್ತಾರೆ. ಇನ್ನೊಬ್ಬರು ಅಚ್ಚಿನ ಪುಸ್ತಕ ಹಿಡಿದು ಕೂತು ನೋಡುತ್ತಾರೆ. ಸ್ಕ್ರೀನಿನಲ್ಲಿ ತಿದ್ದಿದ್ದೇವೆ, ಸಾಕು ಎಂದು ಬಿಡುವಂತಿಲ್ಲ. ಯಂತ್ರದ ತಪ್ಪು ಕಾಗದದ ಮೇಲೆ ಮಾತ್ರ ಗೊತ್ತಾಗುವುದು.

ಎಂಬಾಸರ್‌ನ 5ನೇ ಚುಕ್ಕಿಯ ಪಿನ್ನು ಸವೆದು ಸರಿಯಾಗಿ ಒತ್ತುತ್ತಿಲ್ಲ ಎಂದುಕೊಳ್ಳಿ. 'ನ' ಎಂದರೆ 1-3-4-5. ಅದರಲ್ಲಿ 5 ಹೋದರೆ ಉಳಿಯುವುದು 1-3-4, ಅಂದರೆ 'ಮ'. 'ಆ' ಎಂದರೆ 3-4-5. 5 ಹೋದರೆ 3-4, ಅದು 'ಐ'. ಈಗ 'ನಾನು' ಎಂದು ಒತ್ತಿದರೆ ಮಗು ಓದುವುದು 'ಮೈಮು'. 'ರ' ಎಲ್ಲ 'ಲ' ಆಗಿರುತ್ತದೆ. ಒಂದು ಅಕ್ಷರ ತಪ್ಪಿದ್ದರೆ ಮಗು ಊಹೆ ಮಾಡಿ ಮುಂದೆ ಹೋಗುತ್ತದೆ. ಇಡೀ ಪುಟ ಹೀಗಿದ್ದರೆ ಪುಸ್ತಕ ಕೆಟ್ಟಿದೆ ಎಂದು ಅದಕ್ಕೆ ಹೊಳೆಯುವುದಿಲ್ಲ, ತನಗೇ ಓದಲು ಬರುತ್ತಿಲ್ಲ ಎಂದುಕೊಳ್ಳುತ್ತದೆ.

ಮೊಬೈಲೇ ಓದಿ ಹೇಳುವಾಗ ಇಷ್ಟೆಲ್ಲ ಯಾಕೆ ಎಂದು ಕೇಳುವವರು ಇದ್ದಾರೆ. ಆಡಿಯೋ ಬೇಕು, ಚೆನ್ನಾಗಿಯೂ ಇದೆ. ಆದರೆ ಕಿವಿಯಿಂದ ಮಾತ್ರ ಕಲಿತ ಮಗುವಿಗೆ ಕಾಗುಣಿತ ಬರುವುದಿಲ್ಲ. 'ಶ' ಮತ್ತು 'ಷ' ಕೇಳುವುದಕ್ಕೆ ಒಂದೇ. 'ಕಥೆ'ಯ 'ಥ'ವನ್ನು ನಾವು ಯಾರು ಒತ್ತಿ ಹೇಳುತ್ತೇವೆ? ಬೆರಳಿಗೆ ಸಿಕ್ಕಿದರೆ ಮಾತ್ರ ಅದು ನೆನಪಿನಲ್ಲಿ ನಿಲ್ಲುತ್ತದೆ. ಗಣಿತವಂತೂ ಕೇಳಿ ಮಾಡುವ ವಿಷಯವೇ ಅಲ್ಲ.

'ಚಿತ್ರ ನೋಡಿ ಹೇಳಿರಿ'

ಸಣ್ಣ ಕ್ಲಾಸಿನ ಯಾವ ಪುಸ್ತಕ ತೆಗೆದರೂ ಈ ವಾಕ್ಯ ಇರುತ್ತದೆ. ಚಿತ್ರವನ್ನು ಬಿಟ್ಟು ಪ್ರಶ್ನೆ ಮಾತ್ರ ಬ್ರೈಲ್ ಮಾಡಿದರೆ ಅದು ತಮಾಷೆ. ಎಲ್ಲ ಚಿತ್ರವನ್ನೂ ಉಬ್ಬು ಗೆರೆಯಲ್ಲಿ ಮಾಡುತ್ತೇನೆ ಎಂದು ಹೊರಟರೂ ಅದು ತಮಾಷೆಯೇ. ಅಡಿಕೆಯ ಚಿತ್ರವನ್ನು ಉಬ್ಬಿಸಿದರೆ ಬೆರಳಿಗೆ ಸಿಗುವುದು ಒಂದು ಸೊನ್ನೆ. ಅದರ ಬದಲು ಅಂಗಳದಿಂದ ಒಂದು ಹಣ್ಣಡಿಕೆ, ಒಂದು ಗೋಟು ತಂದು ಕೈಗೆ ಕೊಡಿ. ಎಲೆಗಳ ಆಕಾರದ ಪಾಠಕ್ಕೆ ಹಲಸು, ವೀಳ್ಯ, ನುಗ್ಗೆ ಎಲ್ಲ ಹಿತ್ತಿಲಲ್ಲೇ ಇವೆ. ಪ್ರಶ್ನೆಯನ್ನು 'ಮುಟ್ಟಿ ನೋಡಿ ಹೇಳಿರಿ' ಎಂದು ಬದಲಿಸಿದರೆ ಸಾಕು.

ನಕಾಶೆಗೆ ಇದು ನಡೆಯುವುದಿಲ್ಲ. ಅಲ್ಲಿ ಉಬ್ಬು ಚಿತ್ರವೇ ಬೇಕು. ಬಿಸಿ ತಾಗಿದಾಗ ಕಪ್ಪು ಗೆರೆ ಉಬ್ಬುವ ವಿಶೇಷ ಕಾಗದ ಸಿಗುತ್ತದೆ, ದುಬಾರಿ. ದಿಲ್ಲಿಯ ಐಐಟಿಯಲ್ಲಿ ಇಂಥ ಚಿತ್ರಗಳ ಬಗ್ಗೆ ಒಳ್ಳೆಯ ಕೆಲಸ ಆಗಿದೆ. ಶಾಲೆಯಲ್ಲೇ ಮಾಡುವುದಾದರೆ ಟೈಲರ್ ಬಟ್ಟೆಗೆ ಗುರುತು ಹಾಕುವ ಹಲ್ಲಿನ ಚಕ್ರ, ದಾರ, ಗೋಂದು, ಮರಳು ಕಾಗದ ಇದ್ದರೆ ಆಯಿತು. ಕಾಸರಗೋಡು ಜಿಲ್ಲೆಯ ನಕಾಶೆ ಎಂದುಕೊಳ್ಳಿ. ಪಶ್ಚಿಮದ ಕಡಲಿಗೆ ಮರಳು ಕಾಗದ. ಚಂದ್ರಗಿರಿ ಹೊಳೆಗೆ ದಾರ. ಕರ್ನಾಟಕದ ಗಡಿಗೆ ಹಲ್ಲಿನ ಚಕ್ರದ ಗೆರೆ. ಈ ಗೆರೆಯನ್ನು ಕಾಗದದ ಹಿಂಬದಿಯಿಂದ ಎಳೆಯುವುದರಿಂದ ನಕಾಶೆಯನ್ನು ಮೊದಲೇ ಎಡಬಲ ಮಾಡಿಕೊಳ್ಳಬೇಕು. ಮರೆತರೆ ಅರಬ್ಬೀ ಸಮುದ್ರ ಸುಳ್ಯದ ಕಡೆಗೆ ಹೋಗುತ್ತದೆ!

ಮುಖ್ಯ ವಿಷಯ, ಒಂದೇ ನಕಾಶೆಯಲ್ಲಿ ಎಲ್ಲ ಹಾಕಬಾರದು. ಕಣ್ಣು ಇಡೀ ಚಿತ್ರವನ್ನು ಒಮ್ಮೆಗೇ ನೋಡಿ ಆಮೇಲೆ ವಿವರಕ್ಕೆ ಹೋಗುತ್ತದೆ. ಬೆರಳು ವಿವರಗಳನ್ನು ಒಂದೊಂದಾಗಿ ಮುಟ್ಟಿ ಕೊನೆಗೆ ಇಡೀ ಚಿತ್ರ ಕಟ್ಟಿಕೊಳ್ಳುತ್ತದೆ. ಗಡಿ ಮತ್ತು ಕಡಲು ಒಂದು ಹಾಳೆ, ಹೊಳೆಗಳು ಒಂದು ಹಾಳೆ, ಊರುಗಳು ಇನ್ನೊಂದು. ಊರಿನ ಹೆಸರು ಪೂರ್ತಿ ಬರೆಯಲು ಜಾಗ ಸಾಲದು. 'ಮಂಜೇಶ್ವರ'ಕ್ಕೇ ಎಂಟು ಸೆಲ್ ಬೇಕು. 'ಮಂ' ಎಂದು ಎರಡು ಸೆಲ್ ಹಾಕಿ ವಿವರವನ್ನು ಪಕ್ಕದ ಪುಟದಲ್ಲಿ ಕೊಡುವುದು ಕ್ರಮ.

ದೊಡ್ಡ ಅಕ್ಷರ ಎಂದರೆ ಜೆರಾಕ್ಸ್ ಅಲ್ಲ

ದೃಷ್ಟಿ ಸಮಸ್ಯೆ ಇರುವ ಮಕ್ಕಳೆಲ್ಲರಿಗೂ ಬ್ರೈಲ್ ಬೇಕಾಗಿಲ್ಲ. ಸ್ವಲ್ಪ ದೃಷ್ಟಿ ಉಳಿದವರು ಬಹಳ ಮಂದಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಕನ್ನಡಕ ಹಾಕಿದ ಮೇಲೂ ಒಳ್ಳೆಯ ಕಣ್ಣಿನ ದೃಷ್ಟಿ 3/60ಕ್ಕಿಂತ ಕಡಿಮೆ ಇದ್ದರೆ ಅಂಧತ್ವ. (3/60 ಎಂದರೆ ಬೇರೆಯವರಿಗೆ 60 ಮೀಟರಿನಿಂದ ಕಾಣುವುದು ಇವರಿಗೆ 3 ಮೀಟರಿನಿಂದ ಮಾತ್ರ ಕಾಣುತ್ತದೆ.) 6/18ರಿಂದ 3/60ರ ನಡುವೆ ಇದ್ದರೆ ಮಂದದೃಷ್ಟಿ. ಇವರಿಗೆ ದೊಡ್ಡ ಅಕ್ಷರದ ಪುಸ್ತಕ ಬೇಕು.

ಶಾಲೆಗಳಲ್ಲಿ ಮಾಡುವ ಸುಲಭದ ಕೆಲಸ ಎ4 ಪುಟವನ್ನು ಎ3ಗೆ ಜೆರಾಕ್ಸ್ ಮಾಡಿ ಕೊಡುವುದು. ಅದರಿಂದ ಅಕ್ಷರ 141 ಪರ್ಸೆಂಟ್ ಆಗುತ್ತದೆ. 12 ಪಾಯಿಂಟ್ ಇದ್ದದ್ದು ಸುಮಾರು 17. ದೊಡ್ಡ ಅಕ್ಷರಕ್ಕೆ ಸಾಮಾನ್ಯವಾಗಿ ಹೇಳುವ 18 ಪಾಯಿಂಟಿಗೂ ಅದು ಮುಟ್ಟುವುದಿಲ್ಲ. ಬಣ್ಣದ ಪುಟ ಕಪ್ಪು-ಬಿಳಿ ಆದಾಗ ಹಿನ್ನೆಲೆಯೆಲ್ಲ ಬೂದಿ. ಡೆಸ್ಕಿನಲ್ಲಿ ಹಿಡಿಯದ ಹಾಳೆ. ಮಗುವಿಗೆ ಕೊಟ್ಟೆವು ಎಂಬ ಸಮಾಧಾನ ಮಾತ್ರ ನಮಗೆ.

ಈ 18 ಪಾಯಿಂಟ್ ಎನ್ನುವುದೂ ಇಂಗ್ಲಿಷ್ ಅಕ್ಷರ ನೋಡಿ ಮಾಡಿದ ಲೆಕ್ಕ. ಕನ್ನಡದಲ್ಲಿ ಕಷ್ಟ ಇರುವುದು ಅಕ್ಷರದ ಮೈಯಲ್ಲಿ ಅಲ್ಲ, ಅದರ ಸಣ್ಣ ಸಣ್ಣ ಅಂಗಗಳಲ್ಲಿ. 'ರ'ದ ಹೊಟ್ಟೆಯಲ್ಲಿ ಒಂದು ಚುಕ್ಕಿ ಇಟ್ಟರೆ 'ಠ'. 'ದ'ದ ಹೊಟ್ಟೆ ಸೀಳಿದರೆ 'ಧ', ಅದಕ್ಕೆ ಚುಕ್ಕಿಯೂ ಸೇರಿದರೆ 'ಥ'. 'ಬ', 'ಭ', 'ಡ', 'ಢ', 'ಪ', 'ಫ' ಎಲ್ಲ ಆ ಒಂದು ಸೀಳಿನ ಮೇಲೆ ನಿಂತಿವೆ. ಒತ್ತಂತೂ ಮೇಲಿನ ಅಕ್ಷರಕ್ಕಿಂತ ತುಂಬಾ ಸಣ್ಣದು. ಹಾಗಾಗಿ ಅಳತೆ ನಿರ್ಧಾರ ಮಾಡುವಾಗ 'ಕ' ಓದಿದರೆ ಸಾಲದು, 'ಕ್ಕ' ಮತ್ತು 'ಕ್ತ' ಬೇರೆ ಬೇರೆ ಎಂದು ಗೊತ್ತಾಗಬೇಕು. ಕನ್ನಡಕ್ಕೆ 20, 22 ಪಾಯಿಂಟ್ ಇಟ್ಟುಕೊಂಡರೇ ಒಳ್ಳೆಯದು ಎನ್ನುವುದು ನನ್ನ ಅನಿಸಿಕೆ.

ಬೋಲ್ಡ್ ಮಾಡಿದರೆ ಚೆನ್ನಾಗಿ ಕಾಣುತ್ತದೆ ಎಂದು ಕೆಲವರು ತೀರಾ ದಪ್ಪ ಫಾಂಟು ಹಾಕುತ್ತಾರೆ. ಆಗ ಅಕ್ಷರದ ಒಳಗಿನ ಜಾಗ ಮುಚ್ಚಿ 'ಠ'ದ ಚುಕ್ಕಿಯೇ ಮಾಯ. ಗೆರೆ ಒಂದೇ ದಪ್ಪ ಇರುವ ಸಾದಾ ಫಾಂಟು ಸಾಕು, ನೋಟೋ ಸ್ಯಾನ್ಸ್ ಕನ್ನಡದ ಹಾಗಿನದ್ದು. ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ ಬೇಕೇ ಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಎರಡೂ ಅಂಚನ್ನು ಸಮ ಮಾಡಬಾರದು, ಮಾತುಗಳ ನಡುವಿನ ಜಾಗ ಒಂದೊಂದು ಕಡೆ ಒಂದೊಂದು ರೀತಿ ಆಗುತ್ತದೆ. ಹೊಳೆಯುವ ಕಾಗದ ಬೇಡ.

ದೊಡ್ಡದಾದಷ್ಟೂ ಒಳ್ಳೆಯದು ಎಂಬುದೂ ತಪ್ಪು. ರೆಟಿನೈಟಿಸ್ ಪಿಗ್ಮೆಂಟೋಸಾ ಇರುವವರಿಗೆ ಸುತ್ತಲಿನ ದೃಷ್ಟಿ ಹೋಗಿ ನಡುವೆ ಸಣ್ಣ ಜಾಗ ಮಾತ್ರ ಉಳಿದಿರುತ್ತದೆ. ಅಕ್ಷರ ದೊಡ್ಡದಾದರೆ ಆ ಜಾಗದಲ್ಲಿ ಹಿಡಿಯುವುದು ಒಂದೋ ಎರಡೋ. ಅವರಿಗೆ ಸಾಧಾರಣ ಅಳತೆಯ, ಕಪ್ಪಗೆ ಸ್ಪಷ್ಟವಾದ ಅಕ್ಷರವೇ ಹಿತ. ಅಲ್ಬಿನಿಸಂ (ಚರ್ಮ, ಕೂದಲು, ಕಣ್ಣಿನಲ್ಲಿ ಬಣ್ಣದ ಅಂಶದ ಕೊರತೆ) ಇರುವ ಮಗುವಿಗೆ ಬೆಳಕೇ ಶತ್ರು, ಬಿಳಿ ಕಾಗದಕ್ಕಿಂತ ಕೆನೆ ಬಣ್ಣದ್ದು ಒಳ್ಳೆಯದು. ಒಂದೇ ಪ್ಯಾರಾವನ್ನು 14, 18, 24, 30 ಪಾಯಿಂಟಿನಲ್ಲಿ ಪ್ರಿಂಟ್ ಮಾಡಿ ಮಗುವಿನಿಂದ ಗಟ್ಟಿಯಾಗಿ ಓದಿಸಿ. ಯಾವುದರಲ್ಲಿ ತಡವರಿಸದೆ, ಕತ್ತು ಬಗ್ಗಿಸದೆ ಓದುತ್ತದೋ ಅದೇ ಅದರ ಅಳತೆ. 'ಕಾಣುತ್ತದಾ ಮಗಾ?' ಎಂದು ಸುಮ್ನೆ ಕೇಳಿದರೆ ಎಲ್ಲ ಮಕ್ಕಳೂ 'ಹೂಂ' ಎನ್ನುತ್ತಾರೆ.

ಕಾನೂನು, ಕಚೇರಿ, ಫೈಲು

ಪುಸ್ತಕವನ್ನು ಹೀಗೆ ಬದಲಿಸಲು ಪ್ರಕಾಶಕರ ಅನುಮತಿ ಬೇಕೇ? ಬೇಡ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂತು. ಅಚ್ಚು ಓದಲು ಆಗದವರಿಗಾಗಿ, ಲಾಭದ ಆಸೆ ಇಲ್ಲದೆ, ಬ್ರೈಲ್, ದೊಡ್ಡ ಅಕ್ಷರ, ಆಡಿಯೋ ಯಾವುದನ್ನೂ ಮಾಡಬಹುದು. ಇದೇ ವಿಷಯದ ಅಂತರರಾಷ್ಟ್ರೀಯ ಮರ್ರಾಕೇಶ್ ಒಪ್ಪಂದ 2013ರಲ್ಲಿ ಆಯಿತು, ಅದನ್ನು ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ನಮ್ಮದು. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಇಂಥ ಪುಸ್ತಕಗಳು ಸಿಗುತ್ತವೆ. ಹೊಸದಾಗಿ ಟೈಪ್ ಮಾಡುವ ಮೊದಲು ಅಲ್ಲಿ ಒಮ್ಮೆ ಹುಡುಕಬೇಕು. ಕನಿಷ್ಠ 40 ಪರ್ಸೆಂಟ್ ವೈಕಲ್ಯ ಇರುವ ಮಗುವಿಗೆ 18 ವರ್ಷದವರೆಗೆ ಪುಸ್ತಕ ಮತ್ತು ಕಲಿಕೆಯ ಸಾಮಗ್ರಿ ಪುಕ್ಕಟೆಯಾಗಿ ಕೊಡಬೇಕು ಎಂದು 2016ರ ಕಾಯ್ದೆಯೇ ಹೇಳುತ್ತದೆ. ಅಪ್ಪ ಅಮ್ಮ ಯಾರ ಮುಂದೆಯೂ ಕೈಚಾಚಿ ಕೇಳಬೇಕಾಗಿಲ್ಲ.

ಇಲ್ಲಿ ಕೇಳಬೇಕಾದ ಜಾಗ ನಿಮ್ಮ ಬ್ಲಾಕ್ ರಿಸೋರ್ಸ್ ಸೆಂಟರ್, ಅಂದರೆ ಬಿಆರ್‌ಸಿ. ಅಲ್ಲಿ ಸ್ಪೆಷಲ್ ಎಜುಕೇಟರ್ ಇರುತ್ತಾರೆ. ಬ್ರೈಲ್ ಕಲಿಸುವ ಬಗ್ಗೆ ತಿಳಿಯಬೇಕಾದರೆ ವಿದ್ಯಾನಗರದ ಸರಕಾರಿ ಅಂಧರ ಶಾಲೆ ಇದೆ. ಶಾಲೆ ತೆರೆಯುವುದು ಜೂನಿನಲ್ಲಿ. ಅರ್ಜಿಯನ್ನು ಆಗ ಕೊಟ್ಟರೆ ಮೊದಲ ಸಂಪುಟ ಕೈಗೆ ಬರುವಾಗ ಮೊದಲ ಟರ್ಮಿನ ಓಣಂ ಪರೀಕ್ಷೆ ಬಾಗಿಲಲ್ಲಿ ಇರುತ್ತದೆ. ಮುಂದಿನ ಕ್ಲಾಸು ಯಾವುದು ಎಂದು ಮಾರ್ಚಿನಲ್ಲೇ ಗೊತ್ತಿರುತ್ತದಲ್ಲ, ಆಗಲೇ ಬರೆದು ಕೊಡುವುದು ಒಳ್ಳೆಯದು. ಯಾವ ಮಾಧ್ಯಮ, ಯಾವ ಕ್ಲಾಸು, ಬ್ರೈಲೋ ದೊಡ್ಡ ಅಕ್ಷರವೋ, ದೊಡ್ಡದಾದರೆ ಎಷ್ಟು ಪಾಯಿಂಟ್ ಎಂದು ಸ್ಪಷ್ಟವಾಗಿ ಬರೆಯಬೇಕು. ಮೊದಲ ಎರಡು ಪಾಠ ಮೊದಲು ಕೊಡಿ, ಉಳಿದದ್ದು ಆಮೇಲೆ ಎಂದು ಕೇಳಿಕೊಂಡರೆ ಕೆಲಸ ಮಾಡುವವರಿಗೂ ಸುಲಭ.

ಕೇರಳದಲ್ಲಿ 2024ರಲ್ಲಿ 1, 3, 5, 7, 9ನೇ ಕ್ಲಾಸಿನ ಪುಸ್ತಕ ಬದಲಾಯಿತು. 2025ರಲ್ಲಿ 2, 4, 6, 8, 10. ಅದಕ್ಕಿಂತ ಹಿಂದೆ ಕಷ್ಟಪಟ್ಟು ಒತ್ತಿದ ಬ್ರೈಲ್ ಸಂಪುಟಗಳು ಪಾಠಕ್ಕೆ ಸಲ್ಲದಂತಾದವು. ಈಗಿನ ಹೊಸ ಪುಸ್ತಕ ಇನ್ನು ಕೆಲವು ವರ್ಷ ನಡೆಯುತ್ತದೆ, ಹಾಗಾಗಿ ಕೆಲಸ ಶುರು ಮಾಡಲು ಇದೇ ಸರಿಯಾದ ಹೊತ್ತು. ಆದರೆ ಎಂಬಾಸರ್‌ಗೆ ಕಳಿಸುವ ಚುಕ್ಕಿಯ ಫೈಲನ್ನು ಮಾತ್ರ ಇಟ್ಟುಕೊಂಡು ಕೂತರೆ ಪ್ರಯೋಜನ ಇಲ್ಲ. ಅದನ್ನು ಮತ್ತೆ ತಿದ್ದುವುದು ಕಷ್ಟ. ಇಬ್ಬರು ಕೂತು ತಿದ್ದಿದ ಯೂನಿಕೋಡ್ ಪಠ್ಯವನ್ನು ಪಾಠವಾರು ಹೆಸರಿಟ್ಟು, ಅಚ್ಚಿನ ಪುಟಸಂಖ್ಯೆಯ ಸಮೇತ, ಬಿಆರ್‌ಸಿಯಲ್ಲಿ ಒಂದು ಪ್ರತಿ, ಶಾಲೆಯಲ್ಲಿ ಒಂದು ಪ್ರತಿ ಇಡಬೇಕು. ಅದೇ ಫೈಲಿನಿಂದ ಬ್ರೈಲ್ ಬರುತ್ತದೆ, 22 ಪಾಯಿಂಟಿನ ಪುಸ್ತಕ ಬರುತ್ತದೆ, ಮೊಬೈಲ್ ಗಟ್ಟಿಯಾಗಿ ಓದುತ್ತದೆ. ಪಾಠದಲ್ಲಿ ನಾಲ್ಕು ಸಾಲು ಬದಲಾದರೆ ಆ ನಾಲ್ಕು ಸಾಲು ಮಾತ್ರ ಹೊಸದಾಗಿ ಟೈಪ್ ಮಾಡಿದರೆ ಆಯಿತು.